‘ಮ್ಯಾನ್ ಈಟರ್ ಆಫ್ ಮಾಲ್ಗುಡಿ’ — ಒಂದು ರಸಾಸ್ವಾದ

ಇಂಗ್ಲಿಷಿನಲ್ಲಿ ಬರೆದ ಕಾದಂಬರಿಯೊಂದನ್ನು ಕುರಿತು, ಅದರಲ್ಲಿಯೂ ನಗಿಸುವ ಕಾದಂಬರಿಯೊಂದನ್ನು ಕುರಿತು, ಗಡಿನಾಡಿನ ಕನ್ನಡ ಶಿಕ್ಷಕರ ಸಂಶೋಧನ ಸಂಚಿಕೆಗೆ ಬರೆಯಹೊರಟಿರುವುದಕ್ಕೆ ವಾಚಕರು ನಮ್ಮನ್ನು ಮೊದಲೇ ಕ್ಷಮಿಸಬೇಕು. ಶಾಸನ, ವಚನ, ಜಾನಪದಗಳ ನಡುವೆ ಈ ನಗೆಗೆ ಎಲ್ಲಿಯ ಸ್ಥಳ ಎಂದು ಕೇಳುವವರು ಕೇಳಬಹುದು. ಕೇಳಿಯೂ ಆಗಿದೆ. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಕಳೆದ ಕಾರ್ತಿಕದಲ್ಲಿ ನಾವು ಹತ್ತು ಹನ್ನೆರಡು ಜನ ಶಿಕ್ಷಕರು ಮೊಲೆಮ್ಮಿನಲ್ಲಿ ಎರಡು ದಿನ ಕೂಡಿದ್ದೆವು. ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿ ಅನಮೋಡ ಘಟ್ಟವನ್ನಿಳಿದು ಗೋವೆಯ ನೆಲಕ್ಕೆ ಬಂದು ಸೇರುವಲ್ಲಿ, ಕಾಡಿನ ಮಗ್ಗುಲಲ್ಲಿರುವ ಊರು ಇದು. ಇತ್ತ ಲೋಂಡಾ, ರಾಮನಗರದ ಕಡೆಯವರಿದ್ದರು. ಅತ್ತ ಫೋಂಡಾ, ವಾಸ್ಕೋದ ಕಡೆ ಕನ್ನಡ ಕಲಿಸುವವರಿದ್ದರು. ಮೊದಲ ದಿನ ತಾಂಬಡಿ ಸುರ್ಲಾದ ಮಹಾದೇವ ದೇವಾಲಯವನ್ನು ನೋಡಿ ಬಂದೆವು. ಕದಂಬರ ಕಾಲದ ಆ ಕರಿಕಲ್ಲಿನ ಗುಡಿಯಲ್ಲಿ, ಕಂಬವೊಂದರ ಬುಡದಲ್ಲಿ, ಕುದುರೆಯನ್ನು ತುಳಿಯುವ ಆನೆಯನ್ನು ಕೆತ್ತಿದ್ದಾರೆ. ಸಂಜೆ ಅದನ್ನೇ ಕುರಿತು ಚರ್ಚೆಯೆಂದು ಗೊತ್ತಾಗಿತ್ತು. ಆದರೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಪ್ರಬಂಧ ಓದಬೇಕಾಗಿದ್ದವರು ಕನ್ನಡಕವನ್ನು ಮಡಿಚಿಟ್ಟರು. ಅವರ ಮುಖದಲ್ಲಿ ವ್ಯಥೆಯೇನೂ ಕಾಣಲಿಲ್ಲ, ನಮ್ಮ ಮುಖಗಳಲ್ಲಿಯೂ ಇರಲಿಲ್ಲವೆಂದು ಒಪ್ಪಿಕೊಳ್ಳಬೇಕು. ತರುಣ ಶಿಕ್ಷಕರೊಬ್ಬರ ಚೀಲದಲ್ಲಿ ಆರ್. ಕೆ. ನಾರಾಯಣರ ‘ಮ್ಯಾನ್ ಈಟರ್ ಆಫ್ ಮಾಲ್ಗುಡಿ’ ಇತ್ತು. ಮೊಬೈಲಿನ ಬೆಳಕಿನಲ್ಲಿ ನಾವು ಅದನ್ನು ಓದತೊಡಗಿದೆವು. ಇಂಗ್ಲಿಷು ಅಷ್ಟಾಗಿ ಒಗ್ಗದ ಇಬ್ಬರು ಮೂವರಿಗಾಗಿ ಓದುತ್ತ ಓದುತ್ತಲೇ ಕನ್ನಡಿಸುತ್ತ ಹೋದೆವು. ಅರ್ಧ ತಾಸು ಕಳೆಯುವುದರೊಳಗೆ, ಏನಾಯಿತೆಂದು ನೋಡಲು ವಸತಿಗೃಹದ ಕಾವಲುಗಾರ ಬ್ಯಾಟರಿ ಹಿಡಿದುಕೊಂಡು ಬಂದ. ಅಷ್ಟು ದೊಡ್ಡ ನಗೆ.

ನಗೆ ಇಳಿದ ಮೇಲೆ ಖಾನಾಪುರದ ಕಡೆಯ ಹಿರಿಯ ಕನ್ನಡ ಪಂಡಿತರೊಬ್ಬರು ಮೆಲ್ಲಗೆ ಅಂದರು: “ಸರ, ಹೊಟ್ಟಿ ಹುಣ್ಣಾಗೂ ಹಂಗ ನಕ್ಕೀವಿ, ಖರೆ. ಆದ್ರ ಬರದವ್ರು ತಮಿಳ ಮನಿಯವ್ರು, ಬರದದ್ದು ಇಂಗ್ಲಿಷಿನಾಗ. ನಮಗೂ ಇದಕ್ಕೂ ಏನ್ ಸಂಬಂಧ ಹೇಳ್ರಿ? ನಕ್ಕು ಬಿಟ್ಟರ ಆತು, ಇದರಾಗ ವಿಚಾರ ಮಾಡೂದೇನೈತಿ?” ಅವರು ಕೇಳಿದ್ದು ಒಂದಲ್ಲ, ಎರಡು ಪ್ರಶ್ನೆ. ಆಗ ನಮಗೆ ಒಂದಕ್ಕೂ ಉತ್ತರ ತೋಚಲಿಲ್ಲ. ಈಗ ಹೇಳಲು ಯತ್ನಿಸುತ್ತೇವೆ.

ಕತೆಯನ್ನು ಅರಿಯದವರಿಗಾಗಿ ಎರಡು ಮಾತು. ಮಾಲ್ಗುಡಿಯ ಮಾರ್ಕೆಟ್ ರಸ್ತೆಯಲ್ಲಿ ನಟರಾಜನದೊಂದು ಚಿಕ್ಕ ಮುದ್ರಣಾಲಯ. ಹೊರಕೋಣೆಯಲ್ಲಿ ಬಂದವರು ಕೂಡಲು ಕುರ್ಚಿಗಳಿವೆ. ಅದರಾಚೆ ಒಂದು ನೀಲಿ ಪರದೆ. ಪರದೆಯ ಹಿಂದೆ ದೊಡ್ಡ ಸಿಬ್ಬಂದಿಯೇ ದುಡಿಯುತ್ತಿದೆಯೆಂಬಂತೆ ನಟರಾಜ ನಟಿಸುತ್ತಾನೆ; ಇರುವವರು ಮಾತ್ರ ಶಾಸ್ತ್ರಿಗಳೊಬ್ಬರೇ. ಆ ಕುರ್ಚಿಗಳಲ್ಲಿ ಕವಿಯೊಬ್ಬ, ಪತ್ರಕರ್ತನೊಬ್ಬ ಬಂದು ಕೂತು ಕಾಲ ಕಳೆಯುತ್ತಾರೆ. ಕವಿ ಕೃಷ್ಣಚರಿತ್ರೆಯನ್ನು ಬರಿಯ ಏಕಾಕ್ಷರ ಪದಗಳಲ್ಲಿಯೇ ಬರೆಯುವ ಹಟ ಹಿಡಿದಿದ್ದಾನೆ. ಪತ್ರಕರ್ತ ಸೇನ್ ಸರಕಾರವನ್ನು ಬಯ್ಯುತ್ತಿರುತ್ತಾನೆ. ಇಂಥ ನೆಮ್ಮದಿಯ ಲೋಕಕ್ಕೆ ಒಂದು ದಿನ ವಾಸು ಎಂಬ ಭೀಮಕಾಯದ ಮನುಷ್ಯ ನುಗ್ಗುತ್ತಾನೆ. ಯಾರೂ ದಾಟದ ನೀಲಿ ಪರದೆಯನ್ನು ಸರಿಸಿಕೊಂಡೇ ಬರುತ್ತಾನೆ. ಎಂ. ಎ. ಓದಿದವನು, ಸತ್ತ ಪ್ರಾಣಿಗಳ ಚರ್ಮ ಸುಲಿದು, ಒಳಗೆ ತುಂಬಿ, ಜೀವಂತವಾಗಿರುವಂತೆ ನಿಲ್ಲಿಸುವುದು ಅವನ ಕಸುಬು. ಮೆಂಪಿ ಬೆಟ್ಟದ ಕಾಡಿನ ಮೃಗಗಳ ಮೇಲೆ ಅವನ ಕಣ್ಣು. ಮುದ್ರಣಾಲಯದ ಅಟ್ಟ ಖಾಲಿಯಿರುವುದನ್ನು ಕಂಡು, ಕೆಲವು ದಿನದ ಮಟ್ಟಿಗೆಂದು ಏರಿ ಕೂಡುತ್ತಾನೆ. ಬಾಡಿಗೆಯಿಲ್ಲ. ಆಮೇಲೆ ಇಳಿಯಲೊಲ್ಲ. ಅಟ್ಟದ ತುಂಬ ಹುಲಿ, ಹದ್ದು, ದುರ್ವಾಸನೆ. ಬಿಡಿಸಲು ಹೋದರೆ, ಮನೆಯ ಮಾಲೀಕ ತನ್ನನ್ನು ಓಡಿಸಲು ನೋಡುತ್ತಿದ್ದಾನೆಂದು ಬಾಡಿಗೆ ನಿಯಂತ್ರಣಾಧಿಕಾರಿಗೆ ದೂರು ಕೊಡುತ್ತಾನೆ!

ಈ ಪ್ರಸಂಗವನ್ನು ಓದುವಾಗ ನಾವು ಎಲ್ಲರಿಗಿಂತ ಹೆಚ್ಚು ನಕ್ಕೆವು. ಅದಕ್ಕೆ ಕಾರಣವಿತ್ತು, ಅದನ್ನು ಅಂದು ಯಾರಿಗೂ ಹೇಳಲಿಲ್ಲ. ನಮ್ಮ ಶಾಲೆಯ ಹಿಂಬದಿಯ ಉಗ್ರಾಣದ ಕೋಣೆಯಲ್ಲಿ ಗುತ್ತಿಗೆದಾರರೊಬ್ಬರು ಹದಿನೈದು ದಿನಕ್ಕೆಂದು ಹೇಳಿ ಸಿಮೆಂಟಿನ ಚೀಲಗಳನ್ನಿಟ್ಟರು. ಮೂರು ವರ್ಷವಾಯಿತು. ಪ್ರತಿ ದೀಪಾವಳಿಗೆ ಅವರು ಒಂದು ಡಬ್ಬಿ ಪೇಢೆ ತಂದುಕೊಡುವರು; ನಾವು ಅವರ ವ್ಯವಹಾರ ಹೇಗಿದೆಯೆಂದು ಕೇಳಿ, ಚಹ ಕುಡಿಸಿ ಕಳಿಸುವೆವು. ಒಂದು ಮಳೆಗಾಲದಲ್ಲಿ ಅವರೇ ಬಂದು, ಮಾಡು ಸೋರಿ ಚೀಲಗಳು ನೆನೆದವೆಂದೂ ಶಾಲೆಯವರು ಹೆಂಚನ್ನು ಸರಿಯಾಗಿ ನೋಡಿಕೊಳ್ಳಬಾರದೆ ಎಂದೂ ನಮ್ಮನ್ನು ಆಕ್ಷೇಪಿಸಿದರು. ನಾವು ಹೆಂಚು ಹೊದಿಸುವವನನ್ನು ಕರೆಸಿದೆವು. ಆರುನೂರು ಹುಡುಗರನ್ನು ಒಂದು ಸೀಟಿಯಿಂದ ನಿಲ್ಲಿಸಬಲ್ಲ ನಮಗೆ ಒಬ್ಬ ಮನುಷ್ಯನ ಮುಂದೆ ‘ಆಗದು’ ಎಂಬ ಮೂರಕ್ಷರ ಬಾಯಿಂದ ಹೊರಡಲಿಲ್ಲ. ನಟರಾಜ ಯಾರೆಂದು ನಮಗೆ ಯಾವ ಭಾಷ್ಯಕಾರರೂ ತಿಳಿಸಿಕೊಡಬೇಕಾಗಿಲ್ಲ.

ಭರತಮುನಿಯು ಹಾಸ್ಯವನ್ನು ಆತ್ಮಸ್ಥವೆಂದೂ ಪರಸ್ಥವೆಂದೂ ಎರಡಾಗಿ ವಿಭಾಗಿಸಿ, ಮತ್ತೆ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆ ಹೇಳಿದ್ದಾನೆ. ಮೊದಲೆರಡು ಉತ್ತಮರವು, ಕಡೆಯೆರಡು ಅಧಮರವು. ಅಂದು ರಾತ್ರಿ ನಾವು ನಕ್ಕ ರೀತಿ ಯಾವ ವರ್ಗಕ್ಕೆ ಸೇರುವುದೋ ಹೇಳದಿರುವುದೇ ಲೇಸು. ಆದರೆ ನಾರಾಯಣರ ಬರವಣಿಗೆಯಲ್ಲಿರುವುದು ಸ್ಮಿತವೇ. ಕತೆಯನ್ನು ಹೇಳುವವನು ನಟರಾಜನೇ ಆದುದರಿಂದ ಆ ನಗೆ ತಿರುಗಿ ಹೇಳುವವನ ಮೇಲೆಯೇ ಬೀಳುತ್ತದೆ. ವಾಸುವನ್ನು ನೋಡಿ ನಾವು ನಗುವುದಿಲ್ಲ, ಅವನಿಗೆ ಹೆದರುತ್ತೇವೆ. ನಗುವುದು ನಟರಾಜನ ದಾಕ್ಷಿಣ್ಯವನ್ನು ನೋಡಿ. ಒಂದು ದಿನ ವಾಸು ಅವನನ್ನು ಜೀಪಿನಲ್ಲಿ ಎಳೆದುಕೊಂಡು ಹೋಗಿ, ಮೆಂಪಿ ಹಳ್ಳಿಯಲ್ಲಿ ಮುತ್ತು ಎಂಬವನ ಚಹದಂಗಡಿಯ ಮುಂದೆ ಇಳಿಸಿ, ತಾನು ಕಾಡಿಗೆ ನಡೆದುಬಿಡುತ್ತಾನೆ. ಕಿಸೆಯಲ್ಲಿ ಕಾಸಿಲ್ಲ, ಮನೆಗೆ ಹೇಳಿ ಬಂದಿಲ್ಲ. ಆದರೂ ನಟರಾಜನಿಗೆ ಸಿಟ್ಟು ಬರುವ ಬದಲು ತನ್ನ ಮರ್ಯಾದೆಯ ಚಿಂತೆ. ಮೊಲೆಮ್ಮಿನ ರಸ್ತೆಬದಿಯ ಚಹದಂಗಡಿಗಳಲ್ಲಿ ಬಸ್ಸು ತಪ್ಪಿಸಿಕೊಂಡು ಕೂತವರಿಗೆ ಆ ಪ್ರಕರಣದ ಸವಿ ಬೇರೆಯೇ.

ಇಂಗ್ಲಿಷಿನಲ್ಲಿ ನಗಿಸಿದ ಭಾರತೀಯರು ನಾರಾಯಣರೊಬ್ಬರೇ ಅಲ್ಲ. ಜಿ. ವಿ. ದೇಸಾನಿಯವರ ‘ಆಲ್ ಅಬೌಟ್ ಎಚ್. ಹ್ಯಾಟರ್’ 1948ರಲ್ಲಿ ಬಂತು. ಪಂಡಿತರು ಅದನ್ನು ಬಹಳವಾಗಿ ಹೊಗಳುತ್ತಾರೆ. ನಾವೂ ಎರಡು ಸಲ ಹತ್ತಲು ನೋಡಿ, ಅರ್ಧ ದಾರಿಯಿಂದ ಮರಳಿದ್ದೇವೆ. ಅಲ್ಲಿ ಕುಣಿಯುವುದು ಭಾಷೆ. ಆ ಭಾಷೆಯ ಸೊಂಟದ ಪಟ್ಟಿ, ಗೆಜ್ಜೆ ಎಲ್ಲ ಕಂಡವನಿಗೆ ಮಾತ್ರ ಕುಣಿತದ ಸುಖ. ಕನ್ನಡಕ್ಕೆ ಅದನ್ನು ತರುವುದೆಂದರೆ ಕುಣಿತವನ್ನು ಬಿಟ್ಟು ಬರಿಯ ಗೆಜ್ಜೆಯನ್ನು ಎಣಿಸಿದಂತೆ. ಇನ್ನು ನಮ್ಮ ಹಾಸನದ ರಾಜಾರಾವ್ ಅವರು ‘ಕಾಂತಾಪುರ’ದಲ್ಲಿ, 1938ರಷ್ಟು ಹಿಂದೆಯೇ, ಇಂಗ್ಲಿಷನ್ನು ಹಳ್ಳಿಯ ಅಜ್ಜಿಯ ಉಸಿರಿಗೆ ಬಗ್ಗಿಸಿ ನುಡಿಸಿದರು, ಅದು ದೊಡ್ಡ ಸಾಹಸ. ನಾರಾಯಣರು ಇಂಗ್ಲಿಷನ್ನು ಕುಣಿಸಲೂ ಇಲ್ಲ, ಬಗ್ಗಿಸಲೂ ಇಲ್ಲ. ಹೈಸ್ಕೂಲಿನ ಹುಡುಗನಿಗೆ ತಿಳಿಯುವ ಸಣ್ಣ ಸಣ್ಣ ವಾಕ್ಯಗಳು. ನಗೆ ಇರುವುದು ಸಂದರ್ಭದಲ್ಲಿ, ಜನರ ನಡೆಯಲ್ಲಿ. ಆದ್ದರಿಂದಲೇ ಕತ್ತಲಲ್ಲಿ, ನಿಘಂಟಿಲ್ಲದೆ, ಸಿದ್ಧತೆಯಿಲ್ಲದೆ ಓದಿದಾಗಲೂ ಅದು ತಾನಾಗಿ ಕನ್ನಡವಾಗುತ್ತ ಹೋಯಿತು. ಶಾಸ್ತ್ರಿಗಳು ಗೊಣಗುವಾಗ ನಮ್ಮ ಬಾಯಿಗೆ ಇಂಗ್ಲಿಷ್ ಪದದ ಬದಲು ನಮ್ಮೂರಿನ ಪುರೋಹಿತರ ಧಾಟಿಯೇ ಬಂದಿತು. ಭಾಷಾಂತರ ಮಾಡುತ್ತಿದ್ದೇವೆಂಬ ಶ್ರಮ ನಮಗಾಗಲಿಲ್ಲ. ಇದ್ದ ಕನ್ನಡವನ್ನು ಹೊರಗೆ ಕರೆದಂತಾಯಿತು.

ಅಂದರೆ ಪಂಡಿತರ ಮೊದಲ ಪ್ರಶ್ನೆಗೆ ಬಂದಂತಾಯಿತು. ನಾರಾಯಣರು (1906–2001) ಹುಟ್ಟಿದ್ದು ಮದರಾಸಿನಲ್ಲಿ, ಮನೆಮಾತು ತಮಿಳು, ಓದಿ ಬಾಳಿದ್ದು ಮೈಸೂರಿನಲ್ಲಿ, ಬರೆದದ್ದು ಇಂಗ್ಲಿಷಿನಲ್ಲಿ. ಯಾದವಗಿರಿಯಲ್ಲಿ ಅವರು ಕಟ್ಟಿಸಿದ್ದ ಮನೆಯನ್ನು 2011ರಲ್ಲಿ ಕೆಡವಲು ತೊಡಗಿದಾಗ ಕೂಗೆದ್ದು, ಅದನ್ನು ಉಳಿಸಿಕೊಳ್ಳಲಾಯಿತು. ಕನ್ನಡದಲ್ಲಿ ಬರೆಯದ ಲೇಖಕರಿಗೆ ಸಾರ್ವಜನಿಕ ಹಣದಿಂದ ಸ್ಮಾರಕವೇಕೆ ಎಂದು ಕೆಲವು ಕನ್ನಡ ಸಾಹಿತಿಗಳು ಆಗ ಆಕ್ಷೇಪವೆತ್ತಿದರು. 2016ರಲ್ಲಿ ಆ ಮನೆ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಆಕ್ಷೇಪಿಸಿದವರ ನೋವನ್ನು ಗಡಿಯಲ್ಲಿರುವ ನಾವು ಲಘುವಾಗಿ ಕಾಣಲಾರೆವು. ಕನ್ನಡದ ಒಂದು ತರಗತಿಯನ್ನು ಉಳಿಸಿಕೊಳ್ಳಲು ಜೂನ್ ತಿಂಗಳಲ್ಲಿ ಮನೆಮನೆಗೆ ತಿರುಗಿ ಮಕ್ಕಳನ್ನು ಬೇಡಿ ತರುವವರು ನಾವು. ಕನ್ನಡದಲ್ಲಿ ಬರೆದೇ ಬಡವರಾಗಿ ಹೋದವರ ಮನೆಗಳು ಎಷ್ಟು ಬಿದ್ದುಹೋಗಿಲ್ಲ? ಆದರೂ ಆ ಆಕ್ಷೇಪ ನಮಗೆ ಪೂರ್ತಿಯಾಗಿ ಒಪ್ಪಿಗೆಯಾಗುವುದಿಲ್ಲ. ಏಕೆಂದರೆ ನಮ್ಮ ತರಗತಿಯಲ್ಲಿ ಕೂತ ಹುಡುಗಿಯ ಸ್ಥಿತಿಯೂ ಅದೇ. ಮನೆಯಲ್ಲಿ ಗದಗಿನ ಕನ್ನಡ, ಬೀದಿಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಹಿಂದಿ, ನೆರೆಮನೆಯಲ್ಲಿ ಮರಾಠಿ, ಪರೀಕ್ಷೆಗೆ ಇಂಗ್ಲಿಷು. ನಾಳೆ ಅವಳು ಕತೆ ಬರೆದರೆ ಯಾವ ಲಿಪಿಯಲ್ಲಿ ಬರೆಯುವಳೆಂದು ಯಾರು ಬಲ್ಲರು? ಯಾವ ಲಿಪಿಯಲ್ಲಿ ಬರೆದರೂ ಅದರೊಳಗೆ ಅವಳ ಅವ್ವನ ಮಾತು ಕೇಳಿಸಿದರೆ, ನಾವು ಅವಳನ್ನು ನಮ್ಮವಳಲ್ಲ ಎನ್ನಲಾದೀತೆ?

ಇನ್ನೂ ಒಂದು ಸಂಗತಿಯುಂಟು. ಡಾಕ್ಟರ್ ಎಂ. ಶಿವರಾಂ, ಅಂದರೆ ನಮ್ಮ ರಾಶಿಯವರು, 1942ರಲ್ಲಿ ‘ಕೊರವಂಜಿ’ಯನ್ನು ಹೊರಡಿಸಿದಾಗ ಅದಕ್ಕೆ ವ್ಯಂಗ್ಯಚಿತ್ರ ಬರೆದವರಲ್ಲಿ ನಾರಾಯಣರ ತಮ್ಮ ಲಕ್ಷ್ಮಣರೂ ಒಬ್ಬರು. ಮೈಸೂರಿನ ಅದೇ ಗಾಳಿಯಲ್ಲಿ ಗೊರೂರರ ಹಳ್ಳಿಯ ಚಿತ್ರಗಳೂ ಮಾಲ್ಗುಡಿಯೂ ಬೆಳೆದವು. ಮುಂದೆ ನಾಗಾಭರಣರು ‘ಬ್ಯಾಂಕರ್ ಮಾರ್ಗಯ್ಯ’ವನ್ನು 1983ರಲ್ಲಿ ಕನ್ನಡ ಚಿತ್ರವಾಗಿ ಮಾಡಿದಾಗ, ಶಂಕರನಾಗರು ‘ಮಾಲ್ಗುಡಿ ಡೇಸ್’ಗಾಗಿ ಆಗುಂಬೆಯನ್ನೇ ಮಾಲ್ಗುಡಿಯಾಗಿಸಿದಾಗ, ಯಾರಿಗೂ ಅದು ಪರಸ್ಥಳವೆನಿಸಲಿಲ್ಲ.

ಶಿಕ್ಷಕರಾದ ನಮಗೆ ನಾರಾಯಣರು ಇನ್ನೊಂದು ಬಗೆಯಿಂದಲೂ ಬಂಧುಗಳು. ಅವರ ತಂದೆ ಹೆಡ್‌ಮಾಸ್ತರರು. ಮಗ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ನಪಾಸಾದವರು. ಚನ್ನಪಟ್ಟಣದಲ್ಲಿ ಅಧ್ಯಾಪಕರಾಗಿ ಸೇರಿ, ಬಾರದ ಡ್ರಿಲ್ ಮಾಸ್ತರರ ಬದಲಿಗೆ ತರಗತಿ ನೋಡಿಕೊಳ್ಳಿರೆಂದು ಹೇಳಿದ್ದಕ್ಕೆ ಕೆಲಸವನ್ನೇ ಬಿಟ್ಟು ಬಂದರು. (ಬದಲಿ ತರಗತಿಯ ಚೀಟಿ ಕಳಿಸುವಾಗಲೆಲ್ಲ ನಮಗೆ ಇದು ನೆನಪಾಗುತ್ತದೆ, ನಮ್ಮ ಶಾಲೆಯಲ್ಲಿ ಯಾರೂ ಹೀಗೆ ಪ್ರಸಿದ್ಧರಾಗದಿರಲಿ.) ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದಾಗ 1989ರಲ್ಲಿ ಅವರು ಆಡಿದ ಭಾಷಣ ಮಕ್ಕಳ ಬೆನ್ನ ಮೇಲಿನ ಪುಸ್ತಕದ ಚೀಲದ ಭಾರವನ್ನು ಕುರಿತಾದದ್ದು.

ಇನ್ನು ಪಂಡಿತರ ಎರಡನೆಯ ಪ್ರಶ್ನೆ: ನಕ್ಕ ಮೇಲೆ ವಿಚಾರ ಮಾಡುವುದೇನಿದೆ? ಇದೆ, ಮೊಲೆಮ್ಮಿನಲ್ಲಿ ಕೂತು ಓದಿದವರಿಗೆ ಇನ್ನೂ ಹೆಚ್ಚಾಗಿ ಇದೆ. ಕತೆಯ ಮುಂದಿನ ಭಾಗದಲ್ಲಿ ವಾಸು ಕುಮಾರನೆಂಬ ದೇವಾಲಯದ ಆನೆಯನ್ನು ಉತ್ಸವದ ಮೆರವಣಿಗೆಯಲ್ಲಿಯೇ ಗುಂಡಿಟ್ಟು ಕೊಲ್ಲಲು ಹೊಂಚು ಹಾಕುತ್ತಾನೆ. ಏಕೆಂದು ಕೇಳಿದರೆ ಅವನಲ್ಲಿ ಕೋಪವಿಲ್ಲ, ದ್ವೇಷವಿಲ್ಲ, ಲೆಕ್ಕವಿದೆ. ಬದುಕಿರುವ ಆನೆಗೆ ಮೇವು ಹಾಕಬೇಕು. ಸತ್ತ ಆನೆಯ ದಂತಕ್ಕೆ ಇಷ್ಟು, ಕಾಲಿಗೆ ಇಷ್ಟು, ಬಾಲದ ಕೂದಲಿಗೆ ಇಷ್ಟು. ಅಂಗಾಂಗವನ್ನು ಬಿಡಿಸಿ ಬೆಲೆ ಕಟ್ಟುವ ಈ ಪ್ರಕರಣವನ್ನು ಓದಿದಾಗ ಕೋಣೆಯಲ್ಲಿ ನಗೆ ನಿಂತಿತ್ತು. ಹೊರಗೆ ಘಟ್ಟವೇರುವ ಲಾರಿಗಳ ಸದ್ದು. ಕಾದಂಬರಿ ಪ್ರಕಟವಾದ 1961ರಲ್ಲಿಯೇ, ಡಿಸೆಂಬರ್ 19ಕ್ಕೆ, ಗೋವಾ ವಿಮೋಚನೆಯಾಯಿತು. 1969ರಲ್ಲಿ ಇಲ್ಲಿಯ ಕಾಡು ಅಭಯಾರಣ್ಯವಾಯಿತು. 1978ರಲ್ಲಿ ಅದರ ನಡುವಿನ 107 ಚದರ ಕಿಲೋಮೀಟರು ರಾಷ್ಟ್ರೀಯ ಉದ್ಯಾನವಾಯಿತು. ವಾಸುವಿನಂಥವರನ್ನು ಹಿಡಿಯಬಲ್ಲ ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿ ಬಂದಿತು. ಆದರೂ 2020ರ ಜನವರಿಯಲ್ಲಿ ಇಲ್ಲಿಂದ ಉತ್ತರಕ್ಕಿರುವ ಮಹದಾಯಿ ಅಭಯಾರಣ್ಯದಲ್ಲಿ ನಾಲ್ಕು ಹುಲಿಗಳು ಸತ್ತು ಬಿದ್ದವು. ದನ ಕಳೆದುಕೊಂಡವರು ವಿಷವಿಕ್ಕಿದರೆಂಬ ಆರೋಪ ಬಂದಿತು. ವಾಸುವಿನ ಲೆಕ್ಕ ಬೇರೆ, ಹಸು ಸತ್ತ ಬಡವನ ಲೆಕ್ಕ ಬೇರೆ. ಆದರೆ ಕಾಡು ಕಳೆದುಕೊಂಡದ್ದು ಎರಡರಲ್ಲಿಯೂ ಒಂದೇ.

ನಟರಾಜ ಆನೆಯನ್ನು ಉಳಿಸಲು ಏನು ಮಾಡಿದ? ಗಜೇಂದ್ರಮೋಕ್ಷವನ್ನು ನೆನೆದು ಗುಡಿಯಲ್ಲಿ ಎಲ್ಲರೆದುರಿಗೆ ವಿಷ್ಣುವನ್ನು ಕೂಗಿದ, ಮೂರ್ಛೆ ಹೋದ. ರಾತ್ರಿ ಧೈರ್ಯ ಮಾಡಿ ಅಟ್ಟವೇರಿ, ಕುರ್ಚಿಯಲ್ಲಿ ಮಲಗಿದ್ದ ವಾಸುವಿನ ಬಂದೂಕವನ್ನು ಎತ್ತಿಕೊಂಡ, ಅಷ್ಟರಲ್ಲಿ ಗಡಿಯಾರದ ಗಂಟೆ ಬಾರಿಸಿತು, ಓಡಿಬಂದ. ಮರುದಿನ ಗೊತ್ತಾಗುವುದೇನೆಂದರೆ, ವಾಸು ಮಲಗಿರಲಿಲ್ಲ, ಸತ್ತಿದ್ದ! ಅವನಿಗೆ ಸೊಳ್ಳೆಯೆಂದರೆ ಆಗದು. ಬೀಸಣಿಗೆಯಿಂದ ಬೀಸುತ್ತಿದ್ದ ರಂಗಿ ತೂಕಡಿಸಿದಳು. ಸೊಳ್ಳೆ ಹಣೆಯ ಮೇಲೆ ಕೂತಿತು. ಕಬ್ಬಿಣ ಮುರಿಯುವ ತನ್ನದೇ ಕೈಯಿಂದ ವಾಸು ಹೊಡೆದುಕೊಂಡ. ಭಸ್ಮಾಸುರನ ಕತೆಯನ್ನು ಶಾಸ್ತ್ರಿಗಳು ಮೊದಲೇ ಹೇಳಿಟ್ಟಿದ್ದಾರೆ. ಯಕ್ಷಗಾನದಲ್ಲಿ ಭಸ್ಮಾಸುರ–ಮೋಹಿನಿಯನ್ನು ಬೆಳಗಿನವರೆಗೆ ಕೂತು ನೋಡಿದವರಿಗೆ ಇದು ಹೊಸದಲ್ಲ. ಹೊಸದೆಂದರೆ ಮೋಹಿನಿಯ ಕೆಲಸವನ್ನು ಒಂದು ಸೊಳ್ಳೆಗೆ ವಹಿಸಿದ್ದು.

ಇಲ್ಲಿಯೇ ನಮ್ಮಲ್ಲಿ ವಾದವೆದ್ದಿತು. ತರುಣ ಶಿಕ್ಷಕರು, ಪುಸ್ತಕ ತಂದವರೇ, ಕೆರಳಿದರು: “ಇದು ಪಲಾಯನ ಸರ! ದುಷ್ಟರು ತಾವಾಗೇ ಸಾಯ್ತಾರ ಅಂತ ಕಾಯ್ಕೋತ ಕೂತ್ರ ಈ ಕಾಡು ಉಳೀತಿತ್ತೇನ್ರಿ?” ಅವರ ಮಾತು ನಿಜ. ತಿನೈಘಾಟಿನಿಂದ ಕುಳೆಮ್ಮಿನವರೆಗೆ ರೈಲುದಾರಿಯನ್ನು ಜೋಡಿದಾರಿ ಮಾಡುವ ಯೋಜನೆಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ಸರ್ವೋಚ್ಚ ನ್ಯಾಯಾಲಯ 2022ರ ಮೇ ತಿಂಗಳಲ್ಲಿ ರದ್ದುಪಡಿಸಿದ್ದು ಸೊಳ್ಳೆಯ ಕೃಪೆಯಿಂದಲ್ಲ. ಬೀದಿಗೆ ಬಂದವರು, ಅರ್ಜಿ ಬರೆದವರು, ಕೋರ್ಟಿಗೆ ಹೋದವರು ‘ಆಗದು’ ಎಂದದ್ದರಿಂದ. ನಟರಾಜನ ಬಾಯಿಂದ ಇಡೀ ಕಾದಂಬರಿಯಲ್ಲಿ ಒಮ್ಮೆಯೂ ಗಟ್ಟಿಯಾಗಿ ಹೊರಡದ ಮಾತು ಅದು.

ಆದರೆ ಕಾದಂಬರಿ ಸೊಳ್ಳೆಯಲ್ಲಿ ಮುಗಿಯುವುದಿಲ್ಲವೆಂಬುದನ್ನು ಆ ತರುಣರು ಆವೇಶದಲ್ಲಿ ಮರೆತರು. ವಿಮರ್ಶಕರಲ್ಲಿಯೂ ಎಷ್ಟೋ ಜನ ಭಸ್ಮಾಸುರನನ್ನು ಕಂಡೊಡನೆ ಪುಸ್ತಕ ಮುಚ್ಚಿಬಿಡುತ್ತಾರೆ. ವಾಸು ಸತ್ತ ಮೇಲಿನ ಪುಟಗಳನ್ನು ನೋಡಬೇಕು. ಕೊಲೆಯ ಸಂಶಯ ನಟರಾಜನ ಮೇಲೆ ಬರುತ್ತದೆ. ಹೊರಕೋಣೆಯ ಕುರ್ಚಿಗಳು ಬರಿದಾಗುತ್ತವೆ. ದಿನ ಬೆಳಗಾದರೆ ಬಂದು ಕೂಡುತ್ತಿದ್ದ ಕವಿ, ಸೇನ್, ಎಲ್ಲರೂ ಅವನನ್ನು ಕಂಡು ದೂರ ಸರಿಯುತ್ತಾರೆ. ಯಾರ ಮನಸ್ಸನ್ನೂ ನೋಯಿಸಬಾರದೆಂದು ಜೀವಮಾನವೆಲ್ಲ ‘ಆಗಲಿ’ ಎಂದ ಮನುಷ್ಯನನ್ನು ಅವನ ಊರು ಒಂದೇ ವಾರದಲ್ಲಿ ಕೊಲೆಗಡುಕನೆಂದು ನಂಬಿಬಿಡುತ್ತದೆ. ಅಲ್ಲಿ ಮಾತ್ರ ಅವನಿಗೆ ಸಿಟ್ಟು ಬರುತ್ತದೆ, ಆದರೆ ಕೇಳಲು ಯಾರೂ ಇಲ್ಲ. ಬಲಿಷ್ಠನ ಬಲ ಅವನನ್ನು ತಿಂದಿತೆಂಬುದು ಶಾಸ್ತ್ರಿಗಳ ವ್ಯಾಖ್ಯಾನ. ದುರ್ಬಲನ ದಾಕ್ಷಿಣ್ಯವೂ ಅವನನ್ನು ತಿಂದಿತೆಂಬುದು ನಾರಾಯಣರು ಹೇಳದೆ ತೋರಿಸಿದ್ದು. ಹೆಸರಿನ ‘ನರಭಕ್ಷಕ’ ಅಟ್ಟದ ಮೇಲೆ ಇದ್ದವನು ಮಾತ್ರವೆ ಎಂಬ ಸಂಶಯ ನಮಗೆ ಈ ಓದಿನಲ್ಲಿ ಮೊದಲ ಬಾರಿಗೆ ಬಂದಿತು. ಮೊದಲು ನಕ್ಕಿರದಿದ್ದರೆ ಇದು ನಮಗೆ ಇಷ್ಟು ನಾಟುತ್ತಿರಲಿಲ್ಲ. ನಗುತ್ತ ನಗುತ್ತ ನಟರಾಜನ ಪಕ್ಕದಲ್ಲಿ ಕೂತವರು ನಾವು. ಕುರ್ಚಿ ಖಾಲಿಯಾದಾಗ ಎದ್ದು ಹೋಗಲು ನಮಗೆ ಮುಖವಿಲ್ಲ.

ದೋಷಗಳಿಲ್ಲವೆಂದಲ್ಲ. ನಡುವಿನ ಉತ್ಸವದ ಸಿದ್ಧತೆ ಉದ್ದವಾಯಿತು. ಏಕಾಕ್ಷರ ಕವಿಯ ವಿನೋದ ಮೂರನೆಯ ಸಲಕ್ಕೆ ಸಪ್ಪೆ. ನಟರಾಜನ ಹೆಂಡತಿಗೆ ಕತೆಯಲ್ಲಿ ಹೆಚ್ಚಿನ ಅವಕಾಶವಿಲ್ಲ. ಎಲ್ಲಕ್ಕಿಂತ ನಮಗೆ ಕೊರತೆಯೆನಿಸಿದ್ದು ರಂಗಿಯ ಪಾತ್ರ. ಆನೆಯನ್ನು ಕೊಲ್ಲುವ ಗುಟ್ಟನ್ನು ಬಂದು ತಿಳಿಸಿದವಳು ಅವಳು. ಊರಿನ ಮರ್ಯಾದಸ್ಥರೆಲ್ಲ ಗುಸುಗುಸು ಮಾಡುವಾಗ ಅಪಾಯವನ್ನು ಮೈಮೇಲೆಳೆದುಕೊಂಡವಳು ದೇವಾಲಯದ ಈ ನರ್ತಕಿಯೊಬ್ಬಳೇ. ಅವಳನ್ನು ನಟರಾಜನ ಸಂಕೋಚದ ಕಣ್ಣಿನಿಂದ ಬಿಟ್ಟರೆ ಬೇರೆ ಬೆಳಕಿನಲ್ಲಿ ಲೇಖಕರು ತೋರಿಸಲಿಲ್ಲ. ‘ಗೈಡ್’ನಲ್ಲಿ ರೋಜಿಯಂಥ ಪಾತ್ರವನ್ನು ಕಡೆದವರು, ಆ ಕೃತಿಗೆ 1960ರಲ್ಲಿ ಸಾಹಿತ್ಯ ಅಕಾದೆಮಿಯ ಪುರಸ್ಕಾರವನ್ನು ಪಡೆದವರು, ಇಲ್ಲಿ ಕೈ ಬಿಗಿಹಿಡಿದರೇಕೆ?

ಒಂಬತ್ತನೆಯ ತರಗತಿಯ ಮಕ್ಕಳಿಗೆ ಈಗ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ನಾವು ಇದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದೇವೆ. ಪ್ರಶ್ನೋತ್ತರವಿಲ್ಲ, ಸಾರಾಂಶ ಬರೆಸುವುದಿಲ್ಲ. ವಾಸು ಅಟ್ಟ ಹತ್ತಿದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ, ನಮ್ಮ ಸಿಮೆಂಟ್ ಖೋಲಿ ಹಂಗ!” ಅಂದ. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು, ಅನಂತರ ಕಚೇರಿಗೆ ಬಂದು, ಗುತ್ತಿಗೆದಾರರಿಗೆ ನಾಲ್ಕು ಸಾಲಿನ ಪತ್ರ ಬರೆದೆವು. ಅದರಲ್ಲಿ ‘ದಯಮಾಡಿ’ ಎಂಬ ಪದ ಮೂರು ಕಡೆ ಬಂದಿತ್ತು. ಎರಡನ್ನು ಹೊಡೆದುಹಾಕಿ ಕಳಿಸಿದೆವು.

ಅಂದು ಮೊಲೆಮ್ಮಿನಲ್ಲಿ ನಾವೆಲ್ಲ ಮಲಗುವಾಗ ಹನ್ನೊಂದು ದಾಟಿತ್ತು. ಕರೆಂಟು ಬಂದಿರಲಿಲ್ಲ, ಪಂಖಾ ಇಲ್ಲ, ಕಾಡಿನ ಸೊಳ್ಳೆಗಳು. ಕತ್ತಲಲ್ಲಿ ಯಾರೋ ಹಣೆಗೆ ಫಟ್ಟನೆ ಹೊಡೆದುಕೊಂಡ ಸದ್ದಾಯಿತು. ಒಂದು ಕ್ಷಣ ಎಲ್ಲ ನಿಶ್ಶಬ್ದ. ಆಮೇಲೆ ಮೂಲೆಯಿಂದ ಖಾನಾಪುರದ ಪಂಡಿತರ ದನಿ ಬಂದಿತು: “ಸಾವಕಾಶ ರೀ ಸರ, ಸಾವಕಾಶ! ನಾಳೆ ಪೊಲೀಸರಿಗೆ ನಾವು ಏನಂತ ಹೇಳೂಣು?”